ವೈಜ್ಞಾನಿಕ ಗಣನೆಗೆ ಕಂಪೈಲರ್ ಮತ್ತು ಆಪರೇಟಿಂಗ್ ಸಿಸ್ಟಮ್‌ಗಳ ಆಯ್ಕೆ

ಹವಾಮಾನದ ಮುನ್ಸೂಚನೆ, ವಿಮಾನದ ರೆಕ್ಕೆಯ ಸುತ್ತ ಗಾಳಿಯ ಹರಿವು, ಅಣುಗಳ ರಚನೆ, ವೇಗವರ್ಧಕದೊಳಗೆ ಕಣಗಳ ಪಥ ಮೊದಲಾದ ಸಮಸ್ಯೆಗಳನ್ನು ಸಂಖ್ಯೆಗಳ ಮೂಲಕ ಬಿಡಿಸುವ ಪ್ರೋಗ್ರಾಮನ್ನು ಯಾವ ಕಂಪೈಲರ್‌ನಿಂದ ಯಂತ್ರಭಾಷೆಗೆ ಇಳಿಸಬೇಕು, ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಓಡಿಸಬೇಕು ಎಂಬ ನಿರ್ಧಾರ. ಇದನ್ನು ವೇಗ, ಬೆಲೆ ಮತ್ತು ಲಭ್ಯತೆಯ ಪ್ರಶ್ನೆಯಾಗಿ ನೋಡುವುದೇ ರೂಢಿ. ಆದರೆ ಈ ಆಯ್ಕೆಯಿಂದ ಉತ್ತರದ ಅಂಕಿಗಳೂ ಬದಲಾಗಬಹುದು. ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಾಗದೆ, ಕೊಟ್ಟ ದತ್ತಾಂಶವೂ ಅದೇ ಆಗಿದ್ದು, ಎರಡು ಕಂಪೈಲರ್‌ಗಳು ಕೊಡುವ ಫಲಿತಾಂಶಗಳು ಹದಿನಾರನೆಯ ಅಂಕಿಯಲ್ಲಿ ಬೇರೆಯಾಗುವುದು ಸಾಮಾನ್ಯ. ಆ ವ್ಯತ್ಯಾಸ ಕೆಲವು ಸಮಸ್ಯೆಗಳಲ್ಲಿ ಅಲ್ಲಿಯೇ ಉಳಿಯುತ್ತದೆ, ಇನ್ನು ಕೆಲವುಗಳಲ್ಲಿ ಬೆಳೆದು ಮೊದಲ ಅಂಕಿಯನ್ನೇ ಮುಟ್ಟುತ್ತದೆ. ಹೀಗಾಗಿ ಕಂಪೈಲರ್, ಗಣಿತ ಲೈಬ್ರರಿ ಮತ್ತು ಆಪರೇಟಿಂಗ್ ಸಿಸ್ಟಮ್‌ಗಳನ್ನು ಪ್ರಯೋಗಾಲಯದ ತಕ್ಕಡಿಯಂತೆ, ಅಳತೆಯ ಭಾಗವಾಗಿರುವ ಉಪಕರಣಗಳೆಂದೇ ಎಣಿಸಬೇಕಾಗುತ್ತದೆ.

ಹಿನ್ನೆಲೆ

ವೈಜ್ಞಾನಿಕ ಗಣನೆಗೆಂದೇ ರೂಪುಗೊಂಡ ಮೊದಲ ಮಹತ್ವದ ಕಂಪೈಲರ್ ಐಬಿಎಂ ಸಂಸ್ಥೆಯ ಫೋರ್ಟ್ರಾನ್. 1953ರ ಕೊನೆಯಲ್ಲಿ ಜಾನ್ ಬ್ಯಾಕಸ್ ಅದರ ಪ್ರಸ್ತಾವವನ್ನು ಮುಂದಿಟ್ಟರು. ಭಾಷೆಯ ಪ್ರಾಥಮಿಕ ವರದಿ 1954ರ ನವೆಂಬರ್‌ನಲ್ಲಿ ಬಂತು. ಐಬಿಎಂ 704 ಯಂತ್ರಕ್ಕಾಗಿ ಬರೆದ ಕಂಪೈಲರ್ 1957ರ ಏಪ್ರಿಲ್‌ನಲ್ಲಿ ಬಳಕೆದಾರರ ಕೈಸೇರಿತು. ಯಂತ್ರಭಾಷೆಯಲ್ಲಿ ಕೈಯಾರೆ ಬರೆದಷ್ಟು ಚುರುಕಾದ ಪ್ರೋಗ್ರಾಮನ್ನು ಒಂದು ಯಂತ್ರ ತಯಾರಿಸಬಲ್ಲದೆಂದು ಅಂದಿನ ಪ್ರೋಗ್ರಾಮರ್‌ಗಳು ನಂಬುತ್ತಿರಲಿಲ್ಲ. ಆ ಅಪನಂಬಿಕೆಯನ್ನು ಗೆಲ್ಲುವುದೇ ಬ್ಯಾಕಸ್ ತಂಡದ ಮುಖ್ಯ ಗುರಿಯಾಯಿತು. 704ರಲ್ಲಿ ಇಂಡೆಕ್ಸ್ ರಿಜಿಸ್ಟರ್‌ಗಳು ಮೂರೇ ಮೂರು. ಅವನ್ನು ಯಾವಾಗ ಯಾವುದಕ್ಕೆ ಮೀಸಲಿಡಬೇಕೆಂದು ನಿರ್ಧರಿಸಲು ತಂಡದ ಲೋಯಿಸ್ ಹೇಬ್ಟ್ ಬರೆದ ಭಾಗವು, ಪ್ರೋಗ್ರಾಮಿನ ಯಾವ ದಾರಿಯಲ್ಲಿ ಎಷ್ಟು ಸಲ ಸಾಗಬೇಕಾದೀತೆಂದು ಮಾಂಟೆ ಕಾರ್ಲೋ ವಿಧಾನದಿಂದ ಅಂದಾಜು ಮಾಡುತ್ತಿತ್ತು. ಪ್ರೋಗ್ರಾಮರ್ ತನ್ನ ಅಂದಾಜನ್ನು ತಿಳಿಸಲು ‘ಫ್ರೀಕ್ವೆನ್ಸಿ’ ಎಂಬ ಪ್ರತ್ಯೇಕ ಹೇಳಿಕೆಯೂ ಭಾಷೆಯಲ್ಲಿತ್ತು. ಮೊದಲ ಕಂಪೈಲರ್‌ನಲ್ಲೇ ಇಷ್ಟು ಶ್ರಮ ವೇಗಕ್ಕಾಗಿ ಹೋಯಿತು. ವೈಜ್ಞಾನಿಕ ಕಂಪೈಲರ್‌ಗಳನ್ನು ಇಂದಿಗೂ ಮೊದಲು ವೇಗದಿಂದಲೇ ತೂಗುವ ಅಭ್ಯಾಸದ ಬೇರು ಇಲ್ಲಿದೆ ಎನ್ನಬಹುದು.

ಫೋರ್ಟ್ರಾನ್ 1966ರಲ್ಲಿ ಅಮೆರಿಕದ ಮಾನಕವಾಯಿತು. ಮುಂದಿನ ಮಾನಕ ಫೋರ್ಟ್ರಾನ್ 77. ಅರೇಗಳನ್ನು ಇಡಿಯಾಗಿ ಕೂಡಿಸಿ ಗುಣಿಸುವ ಸೌಲಭ್ಯವಿದ್ದ ಫೋರ್ಟ್ರಾನ್ 90 ಅಂತಾರಾಷ್ಟ್ರೀಯ ಮಾನಕವಾಗಿ 1991ರಲ್ಲಿ ಪ್ರಕಟವಾಯಿತು. ಸಿ ಭಾಷೆ ಬಂದ ಮೇಲೂ ಫೋರ್ಟ್ರಾನ್ ಉಳಿಯಲು ಹಳೆಯ ಪ್ರೋಗ್ರಾಮ್‌ಗಳ ರಾಶಿಯೊಂದೇ ಕಾರಣವಲ್ಲ. ಒಂದು ಉಪಪ್ರೋಗ್ರಾಮಿಗೆ ಕೊಟ್ಟ ಎರಡು ಅರೇಗಳಲ್ಲಿ ಒಂದನ್ನು ತಿದ್ದುವುದಾದರೆ ಅವು ಮೆಮೊರಿಯಲ್ಲಿ ಒಂದರ ಮೇಲೊಂದು ಹಾಯುವಂತಿಲ್ಲ ಎಂಬುದು ಫೋರ್ಟ್ರಾನ್‌ನ ನಿಯಮ. ಈ ಭರವಸೆಯ ಮೇಲೆ ಕಂಪೈಲರ್ ಲೂಪುಗಳನ್ನು ಧೈರ್ಯವಾಗಿ ಮಾರ್ಪಡಿಸುತ್ತದೆ. ಸಿ ಭಾಷೆಯಲ್ಲಿ ಅದೇ ಭರವಸೆಯನ್ನು ‘ರಿಸ್ಟ್ರಿಕ್ಟ್’ ಎಂಬ ಪದದಿಂದ ಕೊಡುವ ವ್ಯವಸ್ಥೆ 1999ರ ಮಾನಕದಲ್ಲಷ್ಟೇ ಬಂತು.

1985ರವರೆಗೆ ಯಂತ್ರ ಬದಲಾದರೆ ಅಂಕಗಣಿತವೇ ಬದಲಾಗುತ್ತಿತ್ತು. ಐಬಿಎಂ 360 ಸರಣಿಯಲ್ಲಿ ಸಂಖ್ಯೆಗಳ ಆಧಾರ ಹದಿನಾರು. ಕ್ರೇ ಯಂತ್ರಗಳಲ್ಲಿ ಕಳೆಯುವಾಗ ನೆರವಿಗೆ ಬರುವ ಹೆಚ್ಚುವರಿ ಅಂಕಿ ಇರಲಿಲ್ಲ. ಡಿಇಸಿ ಸಂಸ್ಥೆಯ ವ್ಯಾಕ್ಸ್‌ನದು ತನ್ನದೇ ನಮೂನೆ. ಬರ್ಕ್ಲಿಯ ವಿಲಿಯಂ ಕಾಹನ್ ಮುಖ್ಯ ರೂವಾರಿಯಾಗಿದ್ದ ಐಇಇಇ 754 ಮಾನಕ ಈ ಗೊಂದಲಕ್ಕೆ ತೆರೆ ಎಳೆಯಿತು. ಕಾಹನ್‌ಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆದರೆ ಮಾನಕ ನಿಗದಿಪಡಿಸಿದ್ದು ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ, ವರ್ಗಮೂಲದಂಥ ಬಿಡಿ ಕ್ರಿಯೆಗಳನ್ನು. ಒಂದು ಇಡೀ ಸೂತ್ರವನ್ನು ಯಾವ ಕ್ರಿಯೆಗಳಾಗಿ, ಯಾವ ಕ್ರಮದಲ್ಲಿ ಒಡೆಯಬೇಕೆಂಬುದು ಭಾಷೆ ಮತ್ತು ಕಂಪೈಲರ್‌ಗಳ ಪಾಲಿಗೆ ಉಳಿಯಿತು. ಸೈನ್, ಲಾಗ್, ಘಾತದಂಥ ಫಲನಗಳು ಲೈಬ್ರರಿಯ ಪಾಲಿಗೆ ಹೋದವು. ಮುಂದೆ ಹೇಳುವ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಇಂದಿನ ಕಂಪೈಲರ್‌ಗಳು

ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ ಜಿಸಿಸಿ ಮೊದಲಿಗೆ ಸಿ ಕಂಪೈಲರ್. ಅದರ ಫೋರ್ಟ್ರಾನ್ 77 ರೂಪ ತೊಂಬತ್ತರ ದಶಕದಲ್ಲಿ ಬಂತು. ಫೋರ್ಟ್ರಾನ್ 90 ಬಲ್ಲ ‘ಜಿಫೋರ್ಟ್ರಾನ್’ 2005ರ ಜಿಸಿಸಿ 4.0ರೊಂದಿಗೆ ಸೇರಿತು. ಇಂಟೆಲ್‌ನ ಫೋರ್ಟ್ರಾನ್ ವಂಶಾವಳಿ ಡಿಇಸಿ ಮತ್ತು ಕಾಂಪ್ಯಾಕ್‌ಗಳ ಮೂಲಕ ಬಂದದ್ದು. ಆ ತಂಡ 2001ರಲ್ಲಿ ಇಂಟೆಲ್‌ಗೆ ವರ್ಗವಾಯಿತು. ಪೋರ್ಟ್‌ಲೆಂಡ್ ಗ್ರೂಪ್‌ನ ಕಂಪೈಲರ್ 2013ರಲ್ಲಿ ಎನ್‌ವಿಡಿಯಾ ಪಾಲಾಗಿ, 2020ರಿಂದ ಜಿಪಿಯು ಗಣನೆಯ ಅದರ ಉಪಕರಣ ಸಂಚಿಯಲ್ಲಿ ಸೇರಿದೆ. ಬ್ರಿಟನ್‌ನ ಎನ್‌ಎಜಿ ಸಂಸ್ಥೆ 1991ರಲ್ಲಿ ಮೊತ್ತಮೊದಲ ಫೋರ್ಟ್ರಾನ್ 90 ಕಂಪೈಲರ್ ಹೊರತಂದಿತು. ಅದು ಫೋರ್ಟ್ರಾನನ್ನು ಸಿ ಭಾಷೆಗೆ ಇಳಿಸಿ ಮುಂದಿನ ಕೆಲಸವನ್ನು ಸಿ ಕಂಪೈಲರ್‌ಗೆ ಬಿಡುತ್ತದೆ. ವೇಗದಲ್ಲಿ ಅದು ಮುಂದಿಲ್ಲ. ಆದರೆ ಬೆಲೆ ತುಂಬದ ಚರಾಕ್ಷರವನ್ನು ಬಳಸಿದ್ದು, ಅರೇಯ ಎಲ್ಲೆ ಮೀರಿದ್ದು, ಮಾನಕಕ್ಕೆ ಹೊರತಾದ ಬರವಣಿಗೆ, ಇವನ್ನು ಹಿಡಿದುಕೊಡುವುದರಲ್ಲಿ ಅದಕ್ಕೆ ದೊಡ್ಡ ಹೆಸರಿದೆ.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಆರಂಭಿಸಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಬುನಾದಿ ಕಳೆದೊಂದು ದಶಕದಲ್ಲಿ ಈ ಚಿತ್ರವನ್ನು ಬದಲಿಸಿದೆ. ಇಂಟೆಲ್ ತನ್ನ ಹಳೆಯ ಫೋರ್ಟ್ರಾನ್ ಕಂಪೈಲರನ್ನು 2024ರ ಕೊನೆಯಲ್ಲಿ ಕೈಬಿಟ್ಟು ಎಲ್‌ಎಲ್‌ವಿಎಂ ಆಧರಿಸಿದ ‘ಐಎಫ್‌ಎಕ್ಸ್’ ಅನ್ನು ಮುಂದುವರಿಸಿತು. ಎಲ್‌ಎಲ್‌ವಿಎಂನ ಸ್ವಂತ ಫೋರ್ಟ್ರಾನ್ ಕಂಪೈಲರ್ ‘ಫ್ಲ್ಯಾಂಗ್’ 2025ರ ಆವೃತ್ತಿಯಿಂದ ಆ ಹೆಸರನ್ನೇ ಅಧಿಕೃತವಾಗಿ ಪಡೆದಿದೆ. ಎಎಂಡಿ, ಆರ್ಮ್, ಎನ್‌ವಿಡಿಯಾಗಳ ಕಂಪೈಲರ್‌ಗಳೂ ಇದೇ ಬುನಾದಿಯ ಮೇಲಿವೆ. ಹೆಸರು ಹಲವಾದರೂ ಒಳಗಿನ ಯಂತ್ರ ಒಂದೇ ಆಗುತ್ತಿರುವುದರಿಂದ, ಎರಡು ಕಂಪೈಲರ್‌ಗಳಲ್ಲಿ ಒಂದೇ ಉತ್ತರ ಬಂತೆಂಬ ಸಮಾಧಾನಕ್ಕೆ ಹಿಂದಿನಷ್ಟು ತೂಕವಿಲ್ಲ. ತಾಳೆ ನೋಡಲು ಬೇರೆ ಬೇರೆ ಮೂಲದ ಕಂಪೈಲರ್‌ಗಳನ್ನು ಆರಿಸಿಕೊಳ್ಳುವುದು ಸೂಕ್ತ. ಜಿಸಿಸಿ ಒಂದು, ಎಲ್‌ಎಲ್‌ವಿಎಂ ಕುಲದ ಒಂದು, ಸಾಧ್ಯವಿದ್ದರೆ ಎನ್‌ಎಜಿ.

ಕಂಪೈಲರ್‌ಗಳ ವೇಗದ ಹೋಲಿಕೆಗಳನ್ನು ಓದುವಾಗ ಒಂದು ಎಚ್ಚರ ಬೇಕು. ಯಾವ ಫ್ಲ್ಯಾಗನ್ನೂ, ಅಂದರೆ ಕಂಪೈಲರ್‌ಗೆ ಕೊಡುವ ಆಯ್ಕೆಯ ಸೂಚನೆಯನ್ನೂ, ಕೊಡದಿದ್ದರೆ ಜಿಸಿಸಿ ಆಪ್ಟಿಮೈಸೇಶನ್, ಅಂದರೆ ಪ್ರೋಗ್ರಾಮನ್ನು ಚುರುಕುಗೊಳಿಸುವ ಮಾರ್ಪಾಡು, ಮಾಡುವುದೇ ಇಲ್ಲ. ಇಂಟೆಲ್ ಕಂಪೈಲರ್ ಎರಡನೆಯ ಹಂತದವರೆಗೆ ತಾನಾಗಿ ಹೋಗುತ್ತದೆ, ಜೊತೆಗೆ ಕೂಡಿಕೆಯ ಕ್ರಮವನ್ನು ಬದಲಿಸುವ ಸ್ವಾತಂತ್ರ್ಯವನ್ನೂ ಕೇಳದೆ ತೆಗೆದುಕೊಳ್ಳುತ್ತದೆ. ಹಾಗಾಗಿ ಫ್ಲ್ಯಾಗ್‌ಗಳಿಲ್ಲದೆ ನಡೆಸಿದ ಹೋಲಿಕೆಯಿಂದ ಕಂಪೈಲರ್‌ಗಳ ಸಾಮರ್ಥ್ಯ ತಿಳಿಯುವುದಿಲ್ಲ.

ಫ್ಲೋಟಿಂಗ್ ಪಾಯಿಂಟ್ ಮತ್ತು ಕಂಪೈಲರ್

64 ಬಿಟ್‌ನ ಡಬಲ್ ಸಂಖ್ಯೆಯಲ್ಲಿ 53 ಬಿಟ್‌ಗಳಷ್ಟು, ಅಂದರೆ ದಶಮಾಂಶದಲ್ಲಿ ಸುಮಾರು 16 ಅಂಕಿಗಳಷ್ಟು ನಿಖರತೆಯಿದೆ. ಪ್ರತಿ ಕ್ರಿಯೆಯ ನಂತರ ಉತ್ತರ ಆ ಅಳತೆಗೆ ರೌಂಡ್ ಆಗುವುದರಿಂದ, ಶಾಲೆಯಲ್ಲಿ ಕಲಿತ ಸಹವರ್ತನೀಯ ನಿಯಮ ಇಲ್ಲಿ ನಡೆಯುವುದಿಲ್ಲ. 0.1 ಮತ್ತು 0.2ನ್ನು ಮೊದಲು ಕೂಡಿಸಿ ಆಮೇಲೆ 0.3 ಸೇರಿಸಿದರೆ 0.6000000000000001 ಬರುತ್ತದೆ, 0.2 ಮತ್ತು 0.3ನ್ನು ಮೊದಲು ಕೂಡಿಸಿದರೆ 0.6 ಬರುತ್ತದೆ. ಹತ್ತು ಲಕ್ಷ ಸಂಖ್ಯೆಗಳ ಮೊತ್ತವನ್ನು ಕಂಪೈಲರ್ ನಾಲ್ಕು ಅಥವಾ ಎಂಟು ಸಾಲುಗಳಾಗಿ ಹಂಚಿ ಏಕಕಾಲಕ್ಕೆ ಕೂಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಕೊನೆಯ ಅಂಕಿಗಳು ಮಾತ್ರ ಬದಲಾಗುತ್ತವೆ. ಓಪನ್‌ಎಂಪಿ ಅಥವಾ ಎಂಪಿಐ ಬಳಸಿ ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿದಾಗಲೂ ಇದೇ ಕಥೆ. 16 ಪ್ರೊಸೆಸರ್‌ಗಳ ಉತ್ತರ 32 ಪ್ರೊಸೆಸರ್‌ಗಳ ಉತ್ತರದೊಂದಿಗೆ ಬಿಟ್‌ ಬಿಟ್ಟಿಗೂ ಹೊಂದುವ ಖಾತರಿಯಿಲ್ಲ.

ಈ ವಿಷಯದ ಇತಿಹಾಸದಲ್ಲಿ ಹೆಚ್ಚು ಕಾಲ ಕಾಡಿದ್ದು ಇಂಟೆಲ್‌ನ 8087. 1980ರಲ್ಲಿ ಬಂದ ಈ ಸಹಪ್ರೊಸೆಸರ್‌ನ ರಿಜಿಸ್ಟರ್‌ಗಳು 80 ಬಿಟ್‌ನವು, ಅದರಲ್ಲಿ 64 ಬಿಟ್ ನಿಖರತೆಗೆ ಮೀಸಲು. ನಡುವಿನ ಲೆಕ್ಕ ಹೆಚ್ಚು ನಿಖರವಾಗಿದ್ದರೆ ಅಂತಿಮ ಉತ್ತರ ಸುಧಾರಿಸುತ್ತದೆ ಎಂಬ ಸದುದ್ದೇಶ ಅದರ ಹಿಂದಿತ್ತು, ಎಷ್ಟೋ ಸಲ ಅದು ಸುಧಾರಿಸುತ್ತಲೂ ಇತ್ತು. ತೊಂದರೆ ಬಂದದ್ದು ಕಂಪೈಲರ್‌ನ ಕಡೆಯಿಂದ. ರಿಜಿಸ್ಟರ್‌ಗಳು ಸಾಲದೆ ಹೋದಾಗ ಕಂಪೈಲರ್ ನಡುವಿನ ಬೆಲೆಯನ್ನು ಮೆಮೊರಿಗೆ ಇಳಿಸುತ್ತದೆ, ಇಳಿಸುವಾಗ ಅದು 53 ಬಿಟ್‌ಗೆ ಮೊಟಕಾಗುತ್ತದೆ. ಯಾವ ಬೆಲೆ ಇಳಿಯುತ್ತದೆ, ಯಾವುದು ರಿಜಿಸ್ಟರ್‌ನಲ್ಲೇ ಉಳಿಯುತ್ತದೆ ಎಂಬುದು ಆಪ್ಟಿಮೈಸೇಶನ್ ಹಂತವನ್ನೂ ಅಕ್ಕಪಕ್ಕದ ಸಾಲುಗಳನ್ನೂ ಅವಲಂಬಿಸಿದೆ. ಆದ್ದರಿಂದ ತಪ್ಪು ಹುಡುಕಲು ನಡುವೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ಉತ್ತರವೇ ಬದಲಾಗಿ ತಪ್ಪು ಮಾಯವಾಗಬಹುದಿತ್ತು. ಒಂದೇ ಸೂತ್ರದಿಂದ ಎರಡು ಸಲ ಪಡೆದ ಬೆಲೆಗಳು ಪರಸ್ಪರ ಸಮವಲ್ಲವೆಂದು ಪ್ರೋಗ್ರಾಮ್ ಹೇಳಬಹುದಿತ್ತು. ಜಿಸಿಸಿಯ ದೋಷಪಟ್ಟಿಯಲ್ಲಿ 323ನೆಯ ಸಂಖ್ಯೆಯ ದೂರು ಇದೇ; ಅದೇ ದೂರನ್ನು ಮತ್ತೆ ಮತ್ತೆ ಹೊಸದಾಗಿ ತಂದವರ ಸಾಲು ಬಹಳ ಉದ್ದ.

ಇಲ್ಲಿ ಆಪರೇಟಿಂಗ್ ಸಿಸ್ಟಮ್‌ಗೂ ಪಾತ್ರವಿತ್ತು. 8087 ವಂಶದ ಪ್ರೊಸೆಸರ್‌ಗಳ ನಿಯಂತ್ರಣ ರಿಜಿಸ್ಟರ್‌ನಲ್ಲಿ ನಿಖರತೆಯನ್ನು 64 ಬಿಟ್‌ಗೋ 53 ಬಿಟ್‌ಗೋ ಹೊಂದಿಸಬಹುದು. ಲಿನಕ್ಸ್ ಅದನ್ನು 64ರಲ್ಲೇ ಬಿಟ್ಟಿತು. ಫ್ರೀಬಿಎಸ್‌ಡಿಯ 32 ಬಿಟ್ ಆವೃತ್ತಿಯೂ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಸಿ ಲೈಬ್ರರಿಯೂ 53ಕ್ಕೆ ಹೊಂದಿಸಿದವು. ಪ್ರೊಸೆಸರ್ ಒಂದೇ, ಪ್ರೋಗ್ರಾಮ್ ಒಂದೇ ಆಗಿದ್ದರೂ ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಗಳಲ್ಲಿ ಅಂಕಗಣಿತ ಬೇರೆಯಾಗಿದ್ದ ಕಾಲ ಅದು. 2000ದ ಕೊನೆಯಲ್ಲಿ ಪೆಂಟಿಯಂ 4ರ ಜೊತೆ ಬಂದ ಎಸ್‌ಎಸ್‌ಇ2 ಸೂಚನೆಗಳು 64 ಬಿಟ್‌ನಲ್ಲೇ ನೇರ ಲೆಕ್ಕ ಮಾಡುತ್ತವೆ. 2003ರಿಂದ ಹರಡಿದ 64 ಬಿಟ್ ಯಂತ್ರಗಳಲ್ಲಿ ಅವು ಕಡ್ಡಾಯವಾದ ಮೇಲೆ ಈ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಹಳೆಯ ಪ್ರಬಂಧಗಳ ಅಂಕಿಗಳನ್ನು ಇಂದಿನ ಯಂತ್ರದಲ್ಲಿ ಪುನಃ ಪಡೆಯಲು ಹೊರಟವರಿಗೆ ಮಾತ್ರ ಅದು ಈಗಲೂ ಎದುರಾಗುತ್ತದೆ.

ಅದರ ಜಾಗಕ್ಕೆ ಈಗ ಬಂದಿರುವುದು ಎಫ್‌ಎಂಎ, ಅಂದರೆ ಗುಣಾಕಾರ ಮತ್ತು ಕೂಡಿಕೆಯನ್ನು ಒಂದೇ ಸೂಚನೆಯಲ್ಲಿ ಮುಗಿಸಿ ಕೊನೆಗೆ ಒಮ್ಮೆ ಮಾತ್ರ ರೌಂಡ್ ಮಾಡುವ ಕ್ರಮ. ಇದರಿಂದ ವೇಗವೂ ಹೆಚ್ಚುತ್ತದೆ, ಸಾಮಾನ್ಯವಾಗಿ ನಿಖರತೆಯೂ ಹೆಚ್ಚುತ್ತದೆ. ಆದರೆ ಕ×ಕ − ಖ×ಖ ಎಂಬ ಸರಳ ಸೂತ್ರವನ್ನು ನೋಡಬಹುದು. ಹೊರಗಿನಿಂದ ಓದಿಕೊಂಡ ಕ ಮತ್ತು ಖ ಎರಡೂ 0.1 ಆಗಿದ್ದರೆ ಉತ್ತರ ಸೊನ್ನೆಯಾಗಬೇಕು. ಎಫ್‌ಎಂಎ ಇಲ್ಲದಿದ್ದರೆ ಸೊನ್ನೆಯೇ ಬರುತ್ತದೆ. ಎಫ್‌ಎಂಎ ಇದ್ದರೆ ಒಂದು ಗುಣಲಬ್ಧ ರೌಂಡ್ ಆಗಿರುತ್ತದೆ, ಇನ್ನೊಂದು ಆಗಿರುವುದಿಲ್ಲ. ಅವೆರಡರ ಅಂತರ ಸುಮಾರು 8.3×10⁻¹⁹ ಉತ್ತರವಾಗಿ ಹೊರಬರುತ್ತದೆ. ಅದು ಧನವೋ ಋಣವೋ ಎಂಬುದು ಕಂಪೈಲರ್ ಯಾವ ಗುಣಾಕಾರವನ್ನು ಕಳೆಯುವಿಕೆಯೊಂದಿಗೆ ಬೆಸೆಯಿತು ಎಂಬುದರ ಮೇಲೆ ನಿಂತಿದೆ. ಋಣವಾಗಿದ್ದು ಮುಂದಿನ ಸಾಲಿನಲ್ಲಿ ವರ್ಗಮೂಲ ತೆಗೆದರೆ ‘ಸಂಖ್ಯೆಯಲ್ಲ’ ಎಂಬ ಬೆಲೆ ಹುಟ್ಟಿ ಇಡೀ ಲೆಕ್ಕಕ್ಕೆ ಹಬ್ಬುತ್ತದೆ. ಇಂಟೆಲ್ ಮಾದರಿಯ 64 ಬಿಟ್ ಯಂತ್ರಕ್ಕೆ ಜಿಸಿಸಿಯಲ್ಲಿ ನಿರ್ದಿಷ್ಟ ಪ್ರೊಸೆಸರ್ ಹೆಸರಿಸದೆ ಕಂಪೈಲ್ ಮಾಡಿದರೆ ಎಫ್‌ಎಂಎ ಬಳಕೆಯಾಗುವುದಿಲ್ಲ. 64 ಬಿಟ್ ಆರ್ಮ್ ಯಂತ್ರಗಳಲ್ಲಿ ಅದು ಮೂಲಸೂಚನೆಗಳಲ್ಲೇ ಸೇರಿದ್ದು, ಆಪ್ಟಿಮೈಸೇಶನ್ ಕೇಳಿದೊಡನೆ ಜಿಸಿಸಿ ತಾನಾಗಿ ಬಳಸುತ್ತದೆ. ಹಲವು ವರ್ಷ ಸರಿಯಾಗಿ ನಡೆದ ಪ್ರೋಗ್ರಾಮ್ ಹೊಸ ಲ್ಯಾಪ್‌ಟಾಪಿನಲ್ಲಿ ಎಡವಿದರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೊಂದು.

‘ಫಾಸ್ಟ್-ಮ್ಯಾಥ್’ ಎಂಬ ಫ್ಲ್ಯಾಗ್ ಇವೆಲ್ಲಕ್ಕಿಂತ ಅಪಾಯಕಾರಿ. ಬೀಜಗಣಿತದ ನಿಯಮಗಳು ಫ್ಲೋಟಿಂಗ್ ಪಾಯಿಂಟ್‌ಗೂ ಅನ್ವಯಿಸುತ್ತವೆಂದು ಭಾವಿಸಿ ಸೂತ್ರವನ್ನು ಇಷ್ಟಬಂದಂತೆ ತಿರುಗಿಸಲು ಅದು ಕಂಪೈಲರ್‌ಗೆ ಪರವಾನಗಿ ಕೊಡುತ್ತದೆ. ಇದರ ಮೊದಲ ಬಲಿ ಕಾಹನ್ ಸಂಕಲನ ವಿಧಾನ. ದೊಡ್ಡ ಮೊತ್ತಕ್ಕೆ ಚಿಕ್ಕ ಸಂಖ್ಯೆ ಸೇರಿಸುವಾಗ ಉದುರಿಹೋಗುವ ಚೂರನ್ನು ‘ಹೊಸ ಮೊತ್ತದಿಂದ ಹಳೆಯ ಮೊತ್ತ ಕಳೆ, ಅದರಿಂದ ಸೇರಿಸಿದ ಸಂಖ್ಯೆ ಕಳೆ’ ಎಂದು ಲೆಕ್ಕಹಾಕಿ, ಮುಂದಿನ ಸುತ್ತಿನಲ್ಲಿ ತಿದ್ದಿಕೊಳ್ಳುವುದು ಈ ವಿಧಾನದ ತಿರುಳು. ಬೀಜಗಣಿತದಲ್ಲಿ ಆ ಚೂರು ಯಾವಾಗಲೂ ಸೊನ್ನೆ. ಹಾಗಾಗಿ ಫಾಸ್ಟ್-ಮ್ಯಾಥ್ ಕೊಟ್ಟಾಗ ಕಂಪೈಲರ್ ತಿದ್ದುಪಡಿಯ ಸಾಲುಗಳನ್ನೇ ಅಳಿಸಿಹಾಕಬಹುದು. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಅದಕ್ಕಿಂತ ಗುಪ್ತವಾದ ಪರಿಣಾಮವೂ ಒಂದಿತ್ತು. ಜಿಸಿಸಿ 12ರವರೆಗೆ, ಈ ಫ್ಲ್ಯಾಗ್‌ನಿಂದ ಕಟ್ಟಿದ ಹಂಚಿಕೆಯ ಲೈಬ್ರರಿಯೊಳಗೆ ಒಂದು ಪುಟ್ಟ ಆರಂಭಿಕ ಸಂಕೇತ ಸೇರಿಕೊಳ್ಳುತ್ತಿತ್ತು. ಲೈಬ್ರರಿ ಮೆಮೊರಿಗೆ ಬಂದೊಡನೆ ಅದು ಪ್ರೊಸೆಸರ್‌ನ ನಿಯಂತ್ರಣ ರಿಜಿಸ್ಟರನ್ನು ತಿದ್ದಿ, ಅತಿ ಚಿಕ್ಕ ‘ಸಬ್‌ನಾರ್ಮಲ್’ ಸಂಖ್ಯೆಗಳನ್ನು ಸೊನ್ನೆಗಿಳಿಸುವಂತೆ ಮಾಡುತ್ತಿತ್ತು. ಆ ಬದಲಾವಣೆ ಅದೇ ಪ್ರೋಗ್ರಾಮಿನ ಉಳಿದ ಲೆಕ್ಕಗಳಿಗೂ ತಗಲುತ್ತಿತ್ತು. ಯಾರೋ ಕಟ್ಟಿದ ಒಂದು ಪೈಥಾನ್ ಪ್ಯಾಕೇಜನ್ನು ಇಂಪೋರ್ಟ್ ಮಾಡಿದ ಮಾತ್ರಕ್ಕೆ, ಅದಕ್ಕೆ ಸಂಬಂಧವೇ ಇಲ್ಲದ ಗಣನೆಯ ಅಂಕಿಗಳು ಬದಲಾಗಬಹುದಿತ್ತು. 2023ರ ಜಿಸಿಸಿ 13ರಲ್ಲಿ ಹಂಚಿಕೆಯ ಲೈಬ್ರರಿಗಳಿಗೆ ಈ ಸಂಕೇತ ಸೇರಿಸುವುದನ್ನು ನಿಲ್ಲಿಸಲಾಯಿತು.

ಎರಡು ಪ್ರಕರಣಗಳು

ಸರ್ನ್ ಸಂಸ್ಥೆ 2004ರಲ್ಲಿ ಎಲ್‌ಎಚ್‌ಸಿ ಅಟ್ ಹೋಮ್ ಯೋಜನೆಯನ್ನು ಆರಂಭಿಸಿತು. ಎಲ್‌ಎಚ್‌ಸಿ ಎಂಬ ಕಣವೇಗವರ್ಧಕದ ವರ್ತುಲದಲ್ಲಿ ಕಣಗಳು ಲಕ್ಷಗಟ್ಟಲೆ ಸುತ್ತು ಸ್ಥಿರವಾಗಿ ಉಳಿಯುತ್ತವೆಯೇ ಎಂದು ‘ಸಿಕ್ಸ್‌ಟ್ರ್ಯಾಕ್’ ಎಂಬ ಫೋರ್ಟ್ರಾನ್ ಪ್ರೋಗ್ರಾಮಿನಿಂದ ನೋಡಬೇಕಿತ್ತು. ಗಣನೆ ನಡೆದದ್ದು ಸ್ವಯಂಸೇವಕರ ಮನೆಯ ಕಂಪ್ಯೂಟರ್‌ಗಳಲ್ಲಿ. ಒಂದೇ ಕೆಲಸವನ್ನು ಬೇರೆ ಬೇರೆ ಯಂತ್ರಗಳಿಗೆ ಕಳಿಸಿ ಉತ್ತರಗಳನ್ನು ತಾಳೆ ನೋಡುವ ಕ್ರಮವಿತ್ತು. ಕೆಲವು ತಾಳೆಯಾಗಲಿಲ್ಲ. ಪಥಗಳು ಅಸ್ತವ್ಯಸ್ತವಾಗುವ ಎಲ್ಲೆಯ ಹತ್ತಿರ ಕೊನೆಯ ಬಿಟ್‌ನ ಅಂತರವೂ ಸುತ್ತು ಸುತ್ತಿಗೆ ಬೆಳೆಯುತ್ತದೆ. ಹುಡುಕುತ್ತ ಹೋದಾಗ ಘಾತ, ಲಾಗ್ ಮುಂತಾದ ಫಲನಗಳಿಗೆ ಬೇರೆ ಬೇರೆ ವ್ಯವಸ್ಥೆಗಳ ಗಣಿತ ಲೈಬ್ರರಿಗಳು ಕೊಡುವ ಬೆಲೆ ಕೊನೆಯ ಬಿಟ್‌ನಲ್ಲಿ ಬೇರೆಯಾಗಿರುವುದು ಕಂಡುಬಂತು. 1985ರ ಮಾನಕ ಈ ಫಲನಗಳ ಬಗ್ಗೆ ಏನನ್ನೂ ವಿಧಿಸಿರಲಿಲ್ಲವಾದ್ದರಿಂದ ಯಾವ ಲೈಬ್ರರಿಯನ್ನೂ ತಪ್ಪೆನ್ನುವಂತಿರಲಿಲ್ಲ. ಫ್ರಾನ್ಸಿನ ಲಿಯಾನ್‌ನಲ್ಲಿ ಸಿದ್ಧವಾಗಿದ್ದ, ಪ್ರತಿ ಬೆಲೆಯನ್ನೂ ಸರಿಯಾಗಿಯೇ ರೌಂಡ್ ಮಾಡುವ ‘ಸಿಆರ್‌ಲಿಬ್‌ಎಂ’ ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಕಟ್ಟಿಕೊಟ್ಟು, ಕಂಪೈಲರ್‌ನ ಸ್ವಾತಂತ್ರ್ಯವನ್ನು ಬಿಗಿಗೊಳಿಸಿದ ಮೇಲೆ ಉತ್ತರಗಳು ಬಿಟ್‌ಗೆ ಬಿಟ್ ಹೊಂದಿದವು. ಮನಸ್ಸುಮಾಡಿದರೆ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳ ನಡುವೆಯೂ ಸಂಪೂರ್ಣ ಪುನರಾವರ್ತನೆ ಸಾಧ್ಯ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಹವಾಮಾನ ಮಾದರಿಗಳಲ್ಲಿ ಅಷ್ಟು ಬಿಗಿ ಸಾಧಿಸುವುದು ಕಷ್ಟ, ಅದರ ಅಗತ್ಯವೂ ಇಲ್ಲ. ಅಮೆರಿಕದ ಎನ್‌ಸಿಎಆರ್ ಸಂಸ್ಥೆಯ ಆಲಿಸನ್ ಬೇಕರ್ ಮತ್ತು ಸಂಗಡಿಗರು 2015ರಲ್ಲಿ ಸಿಇಎಸ್‌ಎಂ ಎಂಬ ಭೂವ್ಯವಸ್ಥೆಯ ಮಾದರಿಗೆ ಬೇರೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಆರಂಭದ ಉಷ್ಣತೆಯಲ್ಲಿ 10⁻¹⁴ರಷ್ಟು ಅಲ್ಪ ವ್ಯತ್ಯಾಸ ಮಾಡಿ ಮಾದರಿಯನ್ನು ಅನೇಕ ಸಲ ಓಡಿಸಿದಾಗ ಬರುವ ಉತ್ತರಗಳ ಹರವನ್ನು ಮೊದಲು ಕಟ್ಟಿಕೊಳ್ಳುವುದು, ಹೊಸ ಯಂತ್ರ ಅಥವಾ ಕಂಪೈಲರ್‌ನ ಉತ್ತರ ಆ ಹರವಿನೊಳಗೆ ಬೀಳುತ್ತದೆಯೇ ಎಂದು ಆಮೇಲೆ ನೋಡುವುದು. ಆರ್ಗಾನ್ ಪ್ರಯೋಗಾಲಯದ ಮೀರಾ ಯಂತ್ರ ಈ ಪರೀಕ್ಷೆಯಲ್ಲಿ ಹಿಂದೆ ಬಿತ್ತು. ಮುಂದಿನ ಸಂಶೋಧನೆಯಲ್ಲಿ ಕಾರಣ ಎಫ್‌ಎಂಎ ಎಂದು ಗೊತ್ತಾಗಿ, ಅದನ್ನು ನಿಲ್ಲಿಸಿದಾಗ ಉತ್ತರ ಹರವಿನೊಳಗೆ ಬಂತು. ಹೆಚ್ಚು ನಿಖರವಾಗಬೇಕಿದ್ದ ಸೂಚನೆಯಿಂದ ಸಂಖ್ಯಾಶಾಸ್ತ್ರಕ್ಕೆ ಕಾಣುವಷ್ಟು ವ್ಯತ್ಯಾಸ ಬಂದದ್ದು ಗಮನಾರ್ಹ.

ಲೈಬ್ರರಿಗಳ ಹೊಂದಾಣಿಕೆ

ವೈಜ್ಞಾನಿಕ ಪ್ರೋಗ್ರಾಮ್ ಒಂಟಿಯಾಗಿ ಓಡುವುದಿಲ್ಲ. ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಬ್ಲಾಸ್ ಮತ್ತು ಲ್ಯಾಪ್ಯಾಕ್, ಪ್ರೊಸೆಸರ್‌ಗಳ ನಡುವಿನ ಸಂವಹನಕ್ಕೆ ಎಂಪಿಐ, ದತ್ತಾಂಶದ ಕಡತಗಳಿಗೆ ನೆಟ್‌ಸಿಡಿಎಫ್ ಮುಂತಾದ ಲೈಬ್ರರಿಗಳು ಅದರ ಜೊತೆಗಿರುತ್ತವೆ. ಫೋರ್ಟ್ರಾನ್ ಮಾಡ್ಯೂಲ್ ಕಡತಗಳ ನಮೂನೆ ಪ್ರತಿ ಕಂಪೈಲರ್‌ಗೂ ಬೇರೆಯಾದ್ದರಿಂದ, ಕಂಪೈಲರ್ ಬದಲಿಸುವುದೆಂದರೆ ಈ ಲೈಬ್ರರಿಗಳಲ್ಲಿ ಹಲವನ್ನು ಮತ್ತೆ ಕಟ್ಟುವುದೆಂದೇ ಅರ್ಥ. ಇದಕ್ಕೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಸ್ಪ್ಯಾಕ್, ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಈಸಿಬಿಲ್ಡ್ ನೆರವಾಗುತ್ತವೆ.

ಬರೆಯದೆ ನಡೆದುಬಂದ ಒಪ್ಪಂದಗಳು ಮುರಿಯುವುದೂ ಉಂಟು. ಫೋರ್ಟ್ರಾನ್‌ನಲ್ಲಿ ಅಕ್ಷರಮಾಲೆಯನ್ನು ಕಳಿಸುವಾಗ ಅದರ ಉದ್ದವನ್ನು ಕಂಪೈಲರ್ ಮರೆಯಲ್ಲಿ ಜೊತೆಗೆ ಕಳಿಸುತ್ತದೆ. ಸಿ ಭಾಷೆಯಿಂದ ಲ್ಯಾಪ್ಯಾಕ್ ಕರೆಯುವ ಅಸಂಖ್ಯ ಪ್ರೋಗ್ರಾಮ್‌ಗಳು ಒಂದೇ ಅಕ್ಷರವಿದ್ದಾಗ ಈ ಉದ್ದವನ್ನು ದಶಕಗಳ ಕಾಲ ಬಿಟ್ಟೇ ಬಿಟ್ಟಿದ್ದವು, ಏನೂ ಆಗಿರಲಿಲ್ಲ. 2019ರ ಸುಮಾರಿಗೆ ಜಿಫೋರ್ಟ್ರಾನ್‌ನ ಒಂದು ಆಪ್ಟಿಮೈಸೇಶನ್ ಆ ಜಾಗದ ಮೆಮೊರಿಯನ್ನು ಬಳಸತೊಡಗಿದಾಗ, ಸಂಖ್ಯಾಶಾಸ್ತ್ರದ ‘ಆರ್’ ವ್ಯವಸ್ಥೆಯ ಪ್ಯಾಕೇಜ್‌ಗಳು ಕುಸಿದವು. ತಪ್ಪು ಕರೆದವರದೇ ಆಗಿದ್ದರೂ, ಜಿಸಿಸಿ ತಂಡ ಅವರಿಗಾಗಿ ಒಂದು ರಕ್ಷಣಾ ಏರ್ಪಾಡು ಮಾಡಬೇಕಾಯಿತು.

ಆಪರೇಟಿಂಗ್ ಸಿಸ್ಟಮ್‌ಗಳು

ಎಂಬತ್ತರ ದಶಕದಲ್ಲಿ ಕ್ರೇ ಯಂತ್ರಗಳು ಯುನಿಕ್ಸ್‌ಗೆ ಹೊರಳಿದ ಮೇಲೆ ದೊಡ್ಡ ಗಣನೆ ಆ ಕುಲದಲ್ಲೇ ಉಳಿದಿದೆ. 1994ರಲ್ಲಿ ನಾಸಾದ ಗಾಡ್ಡರ್ಡ್ ಕೇಂದ್ರದ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಇಂಟೆಲ್ 486 ಪ್ರೊಸೆಸರ್‌ಗಳ 16 ಕಂಪ್ಯೂಟರ್‌ಗಳನ್ನು ಈಥರ್‌ನೆಟ್‌ನಿಂದ ಜೋಡಿಸಿ ಲಿನಕ್ಸ್ ಹಾಕಿದ ‘ಬೇವುಲ್ಫ್’, ಅಗ್ಗದ ಯಂತ್ರಗಳ ಕ್ಲಸ್ಟರ್‌ಗಳಿಗೆ ದಾರಿ ತೆರೆಯಿತು. 2017ರ ನವೆಂಬರ್‌ನಿಂದ ಅತಿ ವೇಗದ ಕಂಪ್ಯೂಟರ್‌ಗಳ ಟಾಪ್ 500 ಪಟ್ಟಿಯ ಎಲ್ಲ ಯಂತ್ರಗಳೂ ಲಿನಕ್ಸ್‌ನವೇ.

ಆಪರೇಟಿಂಗ್ ಸಿಸ್ಟಮ್ ವೇಗವನ್ನು ಹೇಗೆ ತಿನ್ನಬಲ್ಲದು ಎಂಬುದರ ಪಾಠ ಬಂದದ್ದು ಲಾಸ್ ಅಲಾಮೋಸ್‌ನ ಎಎಸ್‌ಸಿಐ ಕ್ಯೂ ಯಂತ್ರದಿಂದ. ಅದರಲ್ಲಿ 8,192 ಪ್ರೊಸೆಸರ್‌ಗಳು, ಒಂದೊಂದು ನೋಡ್‌ಗೆ, ಅಂದರೆ ಬಿಡಿ ಕಂಪ್ಯೂಟರ್‌ಗೆ, ನಾಲ್ಕರಂತೆ. ‘ಸೇಜ್’ ಎಂಬ ಪ್ರೋಗ್ರಾಮ್ ನಿರೀಕ್ಷಿಸಿದ್ದಕ್ಕಿಂತ ಬಹಳ ನಿಧಾನವಾಗಿತ್ತು. ವಿಚಿತ್ರವೆಂದರೆ ಪ್ರತಿ ನೋಡ್‌ನಲ್ಲಿ ಒಂದು ಪ್ರೊಸೆಸರನ್ನು ಸುಮ್ಮನೆ ಬಿಟ್ಟು ಮೂರನ್ನೇ ಬಳಸಿದಾಗ ಅದು ಚುರುಕಾಯಿತು. ಫ್ಯಾಬ್ರಿಜಿಯೋ ಪೆಟ್ರಿನಿ, ಡ್ಯಾರನ್ ಕರ್ಬಿಸನ್, ಸ್ಕಾಟ್ ಪೇಕಿನ್ ಇದರ ಬೆನ್ನುಹತ್ತಿ 2003ರಲ್ಲಿ ಕಾರಣವನ್ನು ಪ್ರಕಟಿಸಿದರು. ಆಪರೇಟಿಂಗ್ ಸಿಸ್ಟಮ್‌ನ ಹಿನ್ನೆಲೆಯ ಚಿಕ್ಕಪುಟ್ಟ ಕೆಲಸಗಳು ಆಗೊಮ್ಮೆ ಈಗೊಮ್ಮೆ ಒಂದಲ್ಲ ಒಂದು ಪ್ರೊಸೆಸರನ್ನು ಕ್ಷಣಕಾಲ ಕಸಿದುಕೊಳ್ಳುತ್ತಿದ್ದವು. ಎಲ್ಲ ಪ್ರೊಸೆಸರ್‌ಗಳೂ ಪರಸ್ಪರ ಕಾಯುವ ಲೆಕ್ಕದಲ್ಲಿ ಒಂದರ ವಿಳಂಬ ಎಲ್ಲದರ ವಿಳಂಬ. ಆ ಹಿನ್ನೆಲೆ ಕೆಲಸಗಳನ್ನು ಕಡಿತಗೊಳಿಸಿದ ಮೇಲೆ ಸೇಜ್‌ನ ವೇಗ ಸುಮಾರು ದುಪ್ಪಟ್ಟಾಯಿತು. ಪ್ರೋಗ್ರಾಮಿನಲ್ಲಾಗಲಿ ಕಂಪೈಲರ್‌ನಲ್ಲಾಗಲಿ ಏನನ್ನೂ ಮುಟ್ಟಿರಲಿಲ್ಲ.

ಲಿನಕ್ಸ್‌ನೊಳಗಿನ ಆಯ್ಕೆ ಬಹುಪಾಲು ಆಯುಷ್ಯದ ಪ್ರಶ್ನೆ. ಹತ್ತು ವರ್ಷ ಒಂದೇ ತಳಹದಿ ಬೇಕೆನ್ನುವ ಸಂಸ್ಥೆಗಳು ರೆಡ್ ಹ್ಯಾಟ್ ಕುಲವನ್ನು ನೆಚ್ಚಿವೆ. ಫರ್ಮಿಲ್ಯಾಬ್ ಮತ್ತು ಸರ್ನ್ 2004ರಿಂದ ನಡೆಸಿದ ಸೈಂಟಿಫಿಕ್ ಲಿನಕ್ಸ್ ಅದೇ ಕುಲದ್ದು. 2019ರಲ್ಲಿ ಹೊಸ ಆವೃತ್ತಿ ಇಲ್ಲವೆಂದು ಘೋಷಣೆಯಾಯಿತು. ಬದಲಿಗೆ ನಂಬಿದ್ದ ಸೆಂಟ್‌ಒಎಸ್ 8 ಕೂಡ 2021ರ ಕೊನೆಗೇ ನಿಂತುಹೋಯಿತು, 2022ರ ಡಿಸೆಂಬರ್‌ನಲ್ಲಿ ಸರ್ನ್ ಮತ್ತು ಫರ್ಮಿಲ್ಯಾಬ್ ಆಲ್ಮಾಲಿನಕ್ಸ್ ಅನ್ನು ಆರಿಸಿಕೊಂಡವು. ದೀರ್ಘಾಯುಷ್ಯಕ್ಕೆ ಬೆಲೆಯೂ ಇದೆ. 2024ರ ಜೂನ್‌ವರೆಗೆ ಬೆಂಬಲವಿದ್ದ ಸೆಂಟ್‌ಒಎಸ್ 7ರ ಜೊತೆ ಬರುತ್ತಿದ್ದ ಜಿಸಿಸಿ 4.8 ಸರಣಿ 2013ರದು. ಹೊಸ ಲಿನಕ್ಸ್‌ನಲ್ಲಿ ಕಟ್ಟಿದ ಪ್ರೋಗ್ರಾಮ್ ಹಳೆಯ ಕ್ಲಸ್ಟರ್‌ನಲ್ಲಿ, ಅಲ್ಲಿನ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಹಳೆಯದಾದ್ದರಿಂದ, ‘ಜಿಲಿಬ್‌ಸಿ ಆವೃತ್ತಿ ಸಿಗಲಿಲ್ಲ’ ಎಂದು ನಿಲ್ಲುವುದು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಕಟ್ಟುವುದು ಹಳೆಯದರಲ್ಲಿ, ಓಡಿಸುವುದು ಹೊಸದರಲ್ಲಿ ಎಂಬುದೇ ಸುರಕ್ಷಿತ ಕ್ರಮ. ಇಲ್ಲವಾದರೆ ಬೇಕಾದ ಲೈಬ್ರರಿಗಳನ್ನೂ ಜೊತೆಗೇ ಹೊತ್ತೊಯ್ಯುವ ಆಪ್ಟೇನರ್‌ನಂಥ ಕಂಟೇನರ್ ಬಳಸಬೇಕು.

ಮೆಮೊರಿಯ ಸ್ಟ್ಯಾಕ್ ಮಿತಿಯೂ ಇಲ್ಲಿ ಸೇರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯ ಮಿತಿ 8 ಮೆಗಾಬೈಟ್, ವಿಂಡೋಸ್‌ನಲ್ಲಿ 1. ಉದ್ದಗಲ 1024ರ ಒಂದು ಡಬಲ್ ಅರೇಗೆ ಬೇಕಾದದ್ದು 83,88,608 ಬೈಟ್, ಅಂದರೆ ಲಿನಕ್ಸ್‌ನ ಇಡೀ ಮಿತಿ. ಕರೆಯುವಾಗಷ್ಟೇ ಅಳತೆ ಗೊತ್ತಾಗುವ ಅರೇಗಳನ್ನು ಇಂಟೆಲ್ ಕಂಪೈಲರ್ ಸ್ಟ್ಯಾಕ್‌ನಲ್ಲಿಡುತ್ತದೆ. ಜಿಫೋರ್ಟ್ರಾನ್ ಸಾಮಾನ್ಯವಾಗಿ ಹೀಪ್‌ನಲ್ಲಿಡುತ್ತದೆ, ಅತಿವೇಗದ ‘ಓಫಾಸ್ಟ್’ ಕೊಟ್ಟರೆ ಸ್ಟ್ಯಾಕ್‌ಗೆ ತರುತ್ತದೆ. ಒಂದರಲ್ಲಿ ಓಡಿದ ಪ್ರೋಗ್ರಾಮ್ ಇನ್ನೊಂದರಲ್ಲಿ ಮೊದಲ ಕರೆಗೇ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬಿದ್ದರೆ ಸೂತ್ರಗಳನ್ನು ಶಂಕಿಸುವ ಮೊದಲು ಈ ಮಿತಿಯನ್ನು ಏರಿಸಿ ನೋಡಬೇಕು.

ವಿಂಡೋಸ್ ಮತ್ತು ಮ್ಯಾಕ್‌ಒಎಸ್ ಬರೆಯುವ, ಚಿತ್ರ ಬಿಡಿಸುವ, ಚಿಕ್ಕ ಲೆಕ್ಕ ಮಾಡುವ ಯಂತ್ರಗಳಾಗಿ ಉಳಿದಿವೆ. 64 ಬಿಟ್ ವಿಂಡೋಸ್‌ನಲ್ಲಿ ಸಿ ಭಾಷೆಯ ‘ಲಾಂಗ್’ 32 ಬಿಟ್, ಲಿನಕ್ಸ್‌ನಲ್ಲಿ 64. ‘ಲಾಂಗ್ ಡಬಲ್’ ಇಂಟೆಲ್ ಲಿನಕ್ಸ್‌ನಲ್ಲಿ 80 ಬಿಟ್‌ನ ನಮೂನೆಯದು, ಆರ್ಮ್ ಲಿನಕ್ಸ್‌ನಲ್ಲಿ 128, ಆಪಲ್‌ನ ಆರ್ಮ್ ಯಂತ್ರಗಳಲ್ಲಿ ಬರಿಯ 64. ಮ್ಯಾಕ್‌ನಲ್ಲಿ ‘ಜಿಸಿಸಿ’ ಎಂದು ಕರೆದರೆ ಓಗೊಡುವುದು ಆಪಲ್‌ನ ಕ್ಲ್ಯಾಂಗ್. ಫೋರ್ಟ್ರಾನನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ವಿಂಡೋಸ್ ಮತ್ತು ಮ್ಯಾಕ್‌ಒಎಸ್ ಎರಡೂ ಸಾಮಾನ್ಯವಾಗಿ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಎಣಿಸುವುದಿಲ್ಲ. ದೊಡ್ಡ ‘ಎಫ್’ನ ಮೂಲಕಡತವನ್ನು ಸಂಸ್ಕರಿಸಿ ಸಣ್ಣ ‘ಎಫ್’ನ ಕಡತ ಬರೆಯುವ ಹಳೆಯ ಬಿಲ್ಡ್ ವಿಧಾನ ಅಲ್ಲಿ ಮೂಲವನ್ನೇ ಅಳಿಸಿಬಿಡಬಲ್ಲದು.

ಭಾರತದಲ್ಲಿ

ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯಗಳಲ್ಲಿ 1986ರಲ್ಲಿ ಆರಂಭವಾದ ಫ್ಲೋಸಾಲ್ವರ್ ದೇಶದ ಸಮಾಂತರ ಗಣನೆಯ ಮೊದಲ ಪ್ರಯತ್ನಗಳಲ್ಲೊಂದು. ಅದರ ಮೊದಲ ರೂಪದಲ್ಲಿದ್ದವು 8086 ಮತ್ತು 8087 ಚಿಪ್‌ಗಳು. ಪುಣೆಯ ಸಿ-ಡ್ಯಾಕ್ 1991ರಲ್ಲಿ ಟ್ರಾನ್ಸ್‌ಪ್ಯೂಟರ್‌ಗಳಿಂದ ಕಟ್ಟಿದ ಪರಮ್ 8000 ಹೊರತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಹಸ್ರಟಿ 2015ರಲ್ಲಿ ಬಂದ ಕ್ರೇ ಎಕ್ಸ್‌ಸಿ40. ಆ ಬಗೆಯ ಯಂತ್ರದಲ್ಲಿ ಕ್ರೇ, ಇಂಟೆಲ್, ಜಿಸಿಸಿ ಕಂಪೈಲರ್‌ಗಳ ನಡುವೆ ಒಂದು ಮಾಡ್ಯೂಲ್ ಆಜ್ಞೆಯಿಂದ ಬದಲಾಯಿಸಿಕೊಳ್ಳಬಹುದು, ತಾಳೆ ನೋಡುವ ಅಭ್ಯಾಸಕ್ಕೆ ಇದು ಹೇಳಿಮಾಡಿಸಿದ ಅನುಕೂಲ. 2022ರಲ್ಲಿ ಅಲ್ಲಿಯೇ ಸ್ಥಾಪನೆಯಾದ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್. ಕಂಪೈಲರ್ ಸಂಶೋಧನೆಯಲ್ಲಿ, ಲೂಪುಗಳನ್ನು ತಾನಾಗಿ ಸಮಾಂತರಗೊಳಿಸುವ ‘ಪ್ಲೂಟೋ’ವನ್ನು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಉದಯ್ ಬೊಂಡುಗುಲ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರು.

ಆಯ್ಕೆಯ ಕ್ರಮ

ಅನುಭವಿಗಳಲ್ಲಿ ಸ್ಥೂಲವಾಗಿ ಒಪ್ಪಿತವಾದ ಕ್ರಮ ಹೀಗಿದೆ. ಪ್ರೋಗ್ರಾಮನ್ನು ಮೊದಲು ಎಲ್ಲ ಪರಿಶೀಲನೆಗಳನ್ನೂ ಹಚ್ಚಿ, ಆಪ್ಟಿಮೈಸೇಶನ್ ಇಲ್ಲದೆ ಓಡಿಸಬೇಕು. ಎರಡು ಕುಲದ ಕಂಪೈಲರ್‌ಗಳ ಉತ್ತರಗಳನ್ನು, ಸಮಸ್ಯೆಯ ಸ್ವಭಾವಕ್ಕೆ ತಕ್ಕ ಅಂತರವನ್ನು ಮೊದಲೇ ನಿರ್ಧರಿಸಿಕೊಂಡು ಹೋಲಿಸಬೇಕು. ಬಿಟ್‌ಗೆ ಬಿಟ್ ಹೊಂದಾಣಿಕೆಯನ್ನು ನಿರೀಕ್ಷಿಸಬೇಕಾದದ್ದು ಒಂದೇ ಯಂತ್ರ, ಒಂದೇ ಫ್ಲ್ಯಾಗ್, ಒಂದೇ ಸಂಖ್ಯೆಯ ಪ್ರೊಸೆಸರ್‌ಗಳಿದ್ದಾಗ ಮಾತ್ರ. ಅಷ್ಟಿದ್ದೂ ಹೊಂದದಿದ್ದರೆ ಬೆಲೆ ತುಂಬದ ಚರಾಕ್ಷರವನ್ನೋ ಎಳೆಗಳ (ಥ್ರೆಡ್‌ಗಳ) ಪೈಪೋಟಿಯನ್ನೋ ಶಂಕಿಸಬೇಕು. ಆಮೇಲೆ ಎರಡನೆಯ ಹಂತದ ಆಪ್ಟಿಮೈಸೇಶನ್. ಅದಕ್ಕಿಂತ ಮೇಲಿನ ಪ್ರತಿ ಫ್ಲ್ಯಾಗನ್ನೂ ಒಂದೊಂದಾಗಿ ಸೇರಿಸಿ, ಸಮಯವನ್ನೂ ಉತ್ತರವನ್ನೂ ಅಳೆಯಬೇಕು. ಫಾಸ್ಟ್-ಮ್ಯಾಥ್ ಬೇಕೇ ಬೇಕೆಂದರೆ ಅದನ್ನು ಅಗತ್ಯವಿರುವ ಒಂದೆರಡು ಕಡತಗಳಿಗೆ ಸೀಮಿತಗೊಳಿಸುವುದು ಮೇಲು.

ಬಳಸಿದ್ದನ್ನು ದಾಖಲಿಸುವುದು ಈ ಕ್ರಮದ ಅತಿ ಅಗ್ಗದ ಹೆಜ್ಜೆ, ಪ್ರಬಂಧಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಫೋರ್ಟ್ರಾನ್ 2008ರ ಮಾನಕ ಇದಕ್ಕೆಂದೇ ‘ಕಂಪೈಲರ್ ವರ್ಷನ್’, ‘ಕಂಪೈಲರ್ ಆಪ್ಶನ್ಸ್’ ಎಂಬ ಎರಡು ಫಲನಗಳನ್ನು ಕೊಟ್ಟಿದೆ. ಅವು ಹೇಳುವ ಎರಡು ಸಾಲುಗಳನ್ನು ಪ್ರೋಗ್ರಾಮ್ ತನ್ನ ಫಲಿತಾಂಶದ ಕಡತದ ತಲೆಯಲ್ಲೇ ಬರೆಯಬಹುದು. ಗಣಿತ ಲೈಬ್ರರಿ ಮಾತ್ರ ಈ ಸಾಲುಗಳಲ್ಲಿ ಸೇರುವುದಿಲ್ಲ. ಲಿನಕ್ಸ್‌ನ ಜಿಲಿಬ್‌ಸಿ, ಸೈನ್ ಮತ್ತು ಘಾತದಂಥ ಫಲನಗಳ ಹಲವು ರೂಪಗಳನ್ನು ಇಟ್ಟುಕೊಂಡು, ಪ್ರೊಸೆಸರ್‌ನಲ್ಲಿ ಎಫ್‌ಎಂಎ ಇದೆಯೇ ಎಂದು ಓಡುವಾಗ ನೋಡಿ ಒಂದನ್ನು ಆರಿಸುತ್ತದೆ. ಇಂಟೆಲ್‌ನ ಎಂಕೆಎಲ್ ಲೈಬ್ರರಿಯೂ ಹಾಗೆಯೇ. ಒಂದೇ ದಾರಿಗೆ ಅದನ್ನು ಕಟ್ಟಿಹಾಕುವ ಸೆಟ್ಟಿಂಗ್ 2012ರಿಂದ ಇದೆ. ಆದ್ದರಿಂದ ದಾಖಲೆಯಲ್ಲಿ ಕಂಪೈಲರ್‌ನ ಎರಡು ಸಾಲುಗಳ ಕೆಳಗೆ ಲಿನಕ್ಸ್ ವಿತರಣೆಯ ಹೆಸರು, ಜಿಲಿಬ್‌ಸಿ ಮತ್ತು ಬ್ಲಾಸ್‌ಗಳ ಆವೃತ್ತಿ, ಪ್ರೊಸೆಸರ್‌ನ ಮಾದರಿ ಹಾಗೂ ಎಳೆಗಳ ಸಂಖ್ಯೆಯೂ ಇರಬೇಕು.